ಕೆರೆಯಲ್ಲೊಂದು ಸ್ಕೂಟರ್ ಅಪಘಾತ

ನಮ್ಮ ತೋಟದ ಕೆರೆಯಲ್ಲಿ ಪಂಪಿನ ಪೈಪಿನ ತುದಿಗಿರುವ ಫುಟ್‌ವಾಲ್ವಿಗೆ ಸ್ಕೂಟರ್ ಡಿಕ್ಕಿ ಹೊಡೆದು ಇವತ್ತಿಗೆ ಮೂರು ದಿನ. ಬಚ್ಚಲಿನ ನಲ್ಲಿ ತಿರುಗಿಸಿದರೆ ಅಸ್ತಮಾ ಇದ್ದವರ ಹಾಗೆ ಒಂದು ಏದುಸಿರು ಬರುತ್ತದೆ, ನೀರು ಬರುವುದಿಲ್ಲ. ಪಂಪಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸ್ಕೂಟರ್ ಕೆರೆಗೆ ಬಿತ್ತಾ? ಓಡಿಸ್ತಿದ್ದವರಿಗೆ ಎಂತ ಆಗ್ಲಿಲ್ಲ ಅಲ್ವಾ?” ಅಂತ ಪಾಪ ಗಾಬರಿಯಾದ. ಬಿದ್ದದ್ದಲ್ಲ ಮಾರಾಯ, ಅದು ನೀರಿನೊಳಗೇ ಓಡುವ ಸ್ಕೂಟರ್ ಅಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. “ನಾಳೆ ಬರ್ತೇನೆ” ಅಂತ ಇಟ್ಟುಬಿಟ್ಟ. ಆ ನಾಳೆಯನ್ನೇ ಕಾಯುತ್ತಾ, ಈ ಬಿಸಿಲಿನಲ್ಲಿ ಅಡಿಕೆ ಸಸಿಗಳಿಗೆ ಕೊಡದಲ್ಲಿ ನೀರು ಹೊರುತ್ತಾ ಇದ್ದೇನೆ.

ಸ್ಕೂಟರಿನ ಮಾಲಿಕ ನನ್ನ ಸೋದರತ್ತೆಯ ಮಗ, ದುಬೈ ಭಾವ. ಅವನಿಗೊಂದು ರೋಗ ಉಂಟು. ಕಂಡದ್ದಕ್ಕೆಲ್ಲ ಹತ್ತರಲ್ಲಿ ಇಷ್ಟು ಅಂತ ಮಾರ್ಕು ಕೊಡುವುದು. ಕೊಡುವುದು ಮಾತ್ರ ಅಲ್ಲ, ಮೊಬೈಲಿನಲ್ಲಿ ಪಟ್ಟಿ ಮಾಡಿ ಪಕ್ಕದಲ್ಲಿ ಷರಾ ಬೇರೆ ಬರೆಯುತ್ತಾನೆ. ಬಂದ ದಿನವೇ ನಮ್ಮ ವೈಫೈಗೆ 2, ಹಲಸಿನ ಹಪ್ಪಳಕ್ಕೆ 8, ಮಂಚಕ್ಕೆ 5 (‘ತಿರುಗಿದರೆ ಮಾತಾಡುತ್ತದೆ’). ರಾತ್ರಿ ಊಟ ಮಾಡಿ ಕೈ ತೊಳೆಯುವ ಮೊದಲೇ ನನ್ನ ಹೆಂಡತಿಯ ಸಾಂಬಾರಿಗೆ 7 ಕೊಟ್ಟು, ‘ಉಪ್ಪು ಕಮ್ಮಿ’ ಅಂತ ಷರಾ ಬರೆದ. ಮರುದಿನದ ಸಾಂಬಾರಿನಲ್ಲಿ ಉಪ್ಪು ಕಮ್ಮಿ ಇರಲಿಲ್ಲ. ಅದನ್ನು ಮೂರೂ ಜನ ತಿನ್ನಬೇಕಾಯಿತು.

ಅವನು ಸ್ಕೂಬಾ ಡೈವಿಂಗ್ ಕಲಿತದ್ದು ದುಬೈಯ ಆಚೆ, ಫುಜೈರಾದ ಕಡಲಿನಲ್ಲಿ. ಈ ಸಲ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಹತ್ತಿರ ಮುಳುಗುವ ಏರ್ಪಾಡು. ಅದಕ್ಕೆ ಎರಡು ಸ್ಕೂಟರ್ ತಂದಿದ್ದ, ಒಂದು ತನ್ನದು, ಒಂದು ಗೆಳೆಯನದು. ಯಾವುದು ಒಳ್ಳೆಯದು ಅಂತ ಮೊದಲು ಪರೀಕ್ಷೆಯಾಗಬೇಕು. ಕುಂಬಳೆಯ ಕಡಲಿನಲ್ಲಿ ಮಾಡು ಅಂದೆ. ಅಲ್ಲಿ ನೀರಿನೊಳಗೆ ತನ್ನ ಕೈ ತನಗೇ ಕಾಣುವುದಿಲ್ಲ, ಮಾರ್ಕು ಕೊಡುವುದು ಹೇಗೆ ಅಂದ. ಉಳಿದದ್ದು ನಮ್ಮ ಕೆರೆ.

ಸ್ಕೂಟರ್ ಅಂದರೆ ಚಕ್ರವೂ ಇಲ್ಲ, ಸೀಟೂ ಇಲ್ಲ. ಒಂದು ದಪ್ಪ ಫ್ಲಾಸ್ಕಿನ ಹಾಗೆ, ಹಿಂದೊಂದು ಫ್ಯಾನು, ಒಂದು ಕೈಯಲ್ಲಿ ಹಿಡಿಯುವಂಥದ್ದು. ಇನ್ನೊಂದಕ್ಕೆ ಎಡಬಲಕ್ಕೆ ಎರಡು ಫ್ಯಾನು, ಎರಡು ಹಿಡಿ. ಗುಂಡಿ ಒತ್ತಿದರೆ ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾಲು ಬಡಿಯುವ ಕಷ್ಟ ಇಲ್ಲದ್ದರಿಂದ ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿ ಹೆಚ್ಚು ಹೊತ್ತು ಬರುತ್ತದೆಯಂತೆ. ಸಿಲಿಂಡರ್ ಅಂದದ್ದೇ ಅಮ್ಮ ಅಡುಗೆಮನೆ ಕಡೆ ಓಡಿ ರೆಗ್ಯುಲೇಟರ್ ಮುಟ್ಟಿ ನೋಡಿ ಬಂದಳು. ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಐದೂವರೆ ಕಿಲೋಮೀಟರ್ ಕೂಡ ಆಗುವುದಿಲ್ಲ, ಬಸ್ ತಪ್ಪುತ್ತದೆ ಅಂತಾದರೆ ಅಮ್ಮ ಇದಕ್ಕಿಂತ ಜೋರು ನಡೆಯುತ್ತಾಳೆ. ಮೂರು ಕಿಲೋದಷ್ಟು ಹಗುರ ಯಾಕೆ ಅಂದರೆ ವಿಮಾನ. ಬ್ಯಾಟರಿ 100 ವಾಟ್-ಅವರ್ ಒಳಗಿದ್ದರೆ ಕೈಚೀಲದಲ್ಲಿ ತರಬಹುದು, 160ರ ವರೆಗೆ ವಿಮಾನದವರ ಒಪ್ಪಿಗೆ ಬೇಕು, ಅದು ದಾಟಿದರೆ ಜಾಗವೇ ಇಲ್ಲ. ಹೋದ ಸಲ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ತೆಗೆದಿಟ್ಟುಕೊಂಡವರು ಇದನ್ನು ಬಿಟ್ಟದ್ದು ಹೇಗೆ ಅಂತ ಅವಳಿಗೆ ಇನ್ನೂ ಅರ್ಥವಾಗಿಲ್ಲ.

ಭಾವ ಮಾಸ್ಕ್ ಏರಿಸಿ, ಬಾತುಕೋಳಿಯ ಪಾದದಂಥ ಫಿನ್ಸ್ ತೊಟ್ಟು, ಪಚಕ್ ಪಚಕ್ ಅಂತ ಮೆಟ್ಟಿಲು ಇಳಿಯುವಾಗ ಕೆರೆಯ ಕಟ್ಟೆಯಲ್ಲಿ ಹನ್ನೊಂದು ಜನ. ತೋಟದ ಕೆಲಸಕ್ಕೆ ಬಂದವ ಫ್ಲಾಸ್ಕನ್ನು ನೋಡಿ “ಉಂದು ದಾದ ಅಣ್ಣೆರೆ?” ಅಂತ, ಇದೆಂತ ಅಂತ, ತುಳುವಿನಲ್ಲಿ ಕೇಳಿದ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ 2022ರಲ್ಲೇ ತೀರಿಕೊಂಡದ್ದು, ಈಗ ಇಲ್ಲಿ ಎಂತ ನೋಡಲಿಕ್ಕೆ ಸೇರಿದ್ದೀರಿ ಅಂತ ದಾರಿಯಲ್ಲಿ ಹೋಗುವವರೊಬ್ಬರು ಬಂದು ನಿಂತರು.

ಮೊದಲ ಪರೀಕ್ಷೆ ತೇಲುವಿಕೆಯದ್ದು. ಕೈ ಬಿಟ್ಟರೆ ಯಂತ್ರ ಮೇಲೂ ಹೋಗಬಾರದು, ಕೆಳಗೂ ಹೋಗಬಾರದು, ಇದ್ದಲ್ಲೇ ನಿಲ್ಲಬೇಕು. ಫುಜೈರಾದಲ್ಲಿ ಗೊಂಬೆಯ ಹಾಗೆ ನಿಂತಿತ್ತಂತೆ. ಇಲ್ಲಿ ಭಾವ ಕೆರೆಯ ನಡುವೆ ಕೈ ಬಿಟ್ಟ, ಫ್ಲಾಸ್ಕು ಯಾವ ಅವಸರವೂ ಇಲ್ಲದೆ ತಲೆ ತಗ್ಗಿಸಿ ಕೆಳಗೆ ಹೋಯಿತು. ನಾವು ಚಪ್ಪಾಳೆ ತಟ್ಟಿದೆವು. ಹಾಗೇ ಆಗಬೇಕಾದದ್ದು ಅಂತ ಗ್ರಹಿಸಿದೆವು.

ಭಾವ ಮೆಟ್ಟಿಲಿನಲ್ಲಿ ಕೂತು ಯೋಚಿಸಿ ಕಾರಣ ಕಂಡುಹಿಡಿದ. ಸಮುದ್ರದ ನೀರು ಭಾರ, ಲೀಟರಿಗೆ 1025 ಗ್ರಾಂ. ನಮ್ಮದು ಸಿಹಿನೀರು, ಸಾವಿರವೇ. ಮೂರು ಲೀಟರ್ ಗಾತ್ರದ ಯಂತ್ರಕ್ಕೆ ಇಲ್ಲಿ 75 ಗ್ರಾಂ ಆಸರೆ ಕಡಿಮೆ, ಅದಕ್ಕೆ ಮುಳುಗಿತು.

“ಹಾಗಾದ್ರೆ ಕೆರೆಗೆ ಸ್ವಲ್ಪ ಉಪ್ಪು ಹಾಕುವನಾ?” ಅಂತ ಕೇಳಿದಳು ಅಮ್ಮ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಇವ ಮೊಬೈಲ್ ತರಿಸಿದ. ಕೆರೆಯ ಉದ್ದ ಮೂವತ್ತಡಿ, ಅಗಲ ಮೂವತ್ತಡಿ, ನೀರು ಹನ್ನೆರಡಡಿ. ಅಲ್ಲ, ಹನ್ನೊಂದೇ ಅಂತ ಕೆಲಸದವ. ಅದರ ಬಗ್ಗೆ ಐದು ನಿಮಿಷ ಚರ್ಚೆಯಾಗಿ ಕೊನೆಗೆ ಬಿದಿರಿನ ಗಳು ಇಳಿಸಿ ಅಳೆದದ್ದಾಯಿತು. ಹನ್ನೆರಡೇ. ಸುಮಾರು ಮೂರು ಲಕ್ಷ ಲೀಟರ್. ಕಡಲಿನ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಗುಣಿಸಿದ. “ಹತ್ತೂವರೆ ಟನ್ ಬೇಕು ಅತ್ತೆ.” ಲಾರಿ ಇಲ್ಲಿವರೆಗೆ ಬರ್ಲಿಕ್ಕಿಲ್ಲ, ಜೀಪಿನಲ್ಲಿ ತರಿಸಬೇಕು ಅಂತ ಅಮ್ಮ. ತೋಟ ಸಾಯುವುದಿಲ್ವಾ ಅಂತ ಆ ಹನ್ನೊಂದು ಜನರಲ್ಲಿ ಒಬ್ಬರೂ ಕೇಳಲಿಲ್ಲ, ನಾನೇ ಕೇಳಬೇಕಾಯಿತು. “ನೀನೊಬ್ಬ, ಎಲ್ಲದಕ್ಕೂ ಅಡ್ಡ,” ಅಂದಳು ಅಮ್ಮ.

ಫ್ಲಾಸ್ಕನ್ನು ಹುಡುಕಲು ಭಾವ ಎರಡು ಫ್ಯಾನಿನದ್ದನ್ನು ಹಿಡಿದು ಇಳಿದ. ಹತ್ತಡಿ ಇಳಿದರೆ ಕಿವಿ ಒತ್ತುತ್ತದೆ, ಮೂಗು ಹಿಡಿದು ಗಾಳಿ ಊದಿ ಬಿಡಿಸಬೇಕು. ಆದರೆ ಈ ಯಂತ್ರಕ್ಕೆ ಎರಡೂ ಕೈ ಬೇಕು, ಮೂಗಿಗೆ ಮೂರನೆಯದು ಎಲ್ಲಿಂದ ತರುವುದು? ಒಂದು ಕೈ ಬಿಟ್ಟ. ಸ್ಕೂಟರ್ ಓರೆಯಾಗಿ ನೇರ ಫುಟ್‌ವಾಲ್ವಿನ ಬಳಿ ಹೋಗಿ, ಪೈಪು ಕಟ್ಟಿದ್ದ ನೈಲಾನ್ ಹಗ್ಗವನ್ನು ಫ್ಯಾನಿಗೆ ಸುತ್ತಿಕೊಂಡಿತು. ಕೆಸರೆದ್ದು ಕೆರೆಯೆಲ್ಲ ಚಹಾ. ಬುಳಬುಳ ಅಂತ ಮೇಲೆ ಬಂದ ಭಾವ ಕೆಮ್ಮುತ್ತಲೇ “ಹತ್ತರಲ್ಲಿ ನಾಲ್ಕು” ಅಂದ. ಹಗ್ಗ ಕಡಿದಾಗ ಸ್ಕೂಟರ್ ಬಿಡುಗಡೆಯಾಯಿತು, ವಾಲ್ವು ಕೆಸರಿಗೆ ಹೋಯಿತು. 1941ರ ಡಿಸೆಂಬರಿನಲ್ಲಿ ಇಟಲಿಯವರು ಇಂಥದೇ ವಾಹನ ಏರಿ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ ಬ್ರಿಟಿಷರ ಎರಡು ಯುದ್ಧನೌಕೆಗಳನ್ನು ಕೆಡವಿದ್ದರು, ಅದಕ್ಕೆ ಅವರಿಟ್ಟ ಹೆಸರು ‘ಹಂದಿ’ ಅಂತ ಹಿಂದಿನ ರಾತ್ರಿ ಇವನೇ ಹೆಮ್ಮೆಯಿಂದ ಹೇಳಿದ್ದ. ಹೆಸರು ಸರಿಯಾಗಿಯೇ ಉಂಟು. ಬಾಳೆ ಬುಡ ಅಗೆಯುವುದೊಂದು ಬಾಕಿ.

ಕೊನೆಗೆ ಆಚೆಮನೆಯಿಂದ, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿ ತಂದೆವು. ಇಡೀ ವಠಾರಕ್ಕೆ ಇರುವುದು ಅದೊಂದೇ. ಕೆಲಸದವ ಇಳಿಸಿ, ಎರಡು ಸಲ ತಿರುವಿ ಎಳೆದ. ಬಂದದ್ದು ಫ್ಲಾಸ್ಕಲ್ಲ, ಕಪ್ಪುಗಟ್ಟಿದ ಒಂದು ಹಿತ್ತಾಳೆ ಕೊಡಪಾನ. ಅಮ್ಮ ಹತ್ತಿರ ಬಂದು ಬಾಯಿಯ ನೆಗ್ಗು ಸವರಿ ನೋಡಿದಳು. “ಇದು ನಿನ್ನ ಅಪ್ಪನ ಕೈಯಿಂದ ಬಿದ್ದದ್ದು,” ಅಂದಳು. ಯಾರೋ ಕದ್ದರು ಅಂತಲೇ ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ನನಗೂ ಭಾವನಿಗೂ ಅಪ್ಪ ಈಜು ಕಲಿಸಿದ್ದು ಇದೇ ಮೆಟ್ಟಿಲಿನಲ್ಲಿ, ದೊಡ್ಡ ರಜೆಯಲ್ಲಿ, ಸಿಪ್ಪೆಸಮೇತ ಎರಡು ಒಣ ತೆಂಗಿನಕಾಯಿ ಜೋಡಿಸಿ ಬೆನ್ನಿಗೆ ಕಟ್ಟಿ. ಇವ ಅಪ್ಪನ ಕುತ್ತಿಗೆ ಬಿಡದೆ ಅಳುತ್ತಿದ್ದ. ಆಗ ಈ ತಿಂಗಳಿನಲ್ಲಿ ಏಳು ಮೆಟ್ಟಿಲು ಇಳಿದರೆ ನೀರು. ಈಗ ಹದಿಮೂರು. ಭಾವ ಕೂಡ ಮೆಟ್ಟಿಲನ್ನೇ ನೋಡುತ್ತಿದ್ದ, ಎಣಿಸಿದನೋ ಏನೋ. ಮಾರ್ಕು ಮಾತ್ರ ಕೊಡಲಿಲ್ಲ.

ಮೂರನೇ ಸಲಕ್ಕೆ ಫ್ಲಾಸ್ಕು ಬಂತು. ಪಾತಾಳಗರಡಿಗೆ 9. ಭಾವ ಅದನ್ನು ಒರೆಸಿ, ಬ್ಯಾಟರಿ ಮುಚ್ಚಳದ ರಬ್ಬರ್ ಬಳೆಯಲ್ಲಿ ಒಂದು ಕೂದಲು ಕೂತರೂ ನೀರು ಒಳಗೆ ಹೋಗುತ್ತದೆ ಅಂತ ಅರ್ಧ ಗಂಟೆ ಪಾಠ ಮಾಡಿ, ಮರುದಿನ ಬೆಳಿಗ್ಗೆ ಮುರುಡೇಶ್ವರಕ್ಕೆ ಹೋದ. ಅಮ್ಮ ಕೊಡಪಾನವನ್ನು ಹುಣಸೆಹುಳಿ ಹಾಕಿ ಉಜ್ಜಿ ಫಳಫಳ ಮಾಡಿದ್ದಾಳೆ. ಸಸಿಗಳಿಗೆ ನೀರು ಹೊರುತ್ತಿರುವುದು ಅದರಲ್ಲೇ. ಪ್ಲಾಸ್ಟಿಕ್ ಕೊಡಕ್ಕಿಂತ ಎರಡು ಪಾಲು ಭಾರ.

ಇವತ್ತು ಹದಿನಾಲ್ಕನೇ ಕೊಡ ಇಳಿಸುವಾಗ ವಾಟ್ಸಾಪ್ ಸದ್ದಾಯಿತು. ಮೆಕ್ಯಾನಿಕ್ ಆಗಿರಬಹುದು ಅಂತ ಒದ್ದೆ ಕೈಯಲ್ಲೇ ನೋಡಿದೆ. ಭಾವನ ಪಟ್ಟಿ. ಫ್ಲಾಸ್ಕಿಗೆ 7, ಎರಡು ಫ್ಯಾನಿನದ್ದಕ್ಕೆ 4. ಅವುಗಳ ಕೆಳಗೆ ಇನ್ನೊಂದು ಸಾಲು:

‘ಕೆರೆ: 6. ಷರಾ: ಉಪ್ಪು ಕಮ್ಮಿ.’