ಟವರ್ ಸ್ಪೀಕರ್ ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ

ಮೂರು ವಾರ ನಮ್ಮನೆ ಹಾಲ್‌ನಲ್ಲಿ ನಾಲ್ಕು ಟವರ್ ಸ್ಪೀಕರ್ ನಿಂತಿದ್ದವು. ಒಂದು ಜೋಡಿ ಗೆಳೆಯ ಮಾರಲು ತೆಗೆದಿಟ್ಟದ್ದು. ಸೊಂಟಕ್ಕಿಂತ ಎತ್ತರ, ಒಂದೊಂದರಲ್ಲೂ ಬೇಸ್‌ಗೆ 8 ಇಂಚಿನ ಎರಡೆರಡು ವೂಫರ್, ನಡುವಿನ ಸ್ವರಗಳಿಗೆ ಬೇರೆಯೇ ಒಂದು ಮಿಡ್‌ರೇಂಜ್, ಮೇಲಿನ ಸ್ವರಗಳಿಗೆ ಟ್ವೀಟರ್. ತ್ರೀ ವೇ ಅಂತಾರಲ್ಲ, ಅದು. ಇನ್ನೊಂದು ಜೋಡಿ, ಇಷ್ಟವಾಗದಿದ್ದರೆ ವಾಪಸ್ ಕೊಡುತ್ತೇನೆ ಅಂತ ಹೇಳಿ ತಂದದ್ದು. ಅದು ತೆಳ್ಳಗೆ, 6.5 ಇಂಚಿನ ಎರಡು ವೂಫರ್, ಟ್ವೀಟರ್ ಸುತ್ತ ತಟ್ಟೆಯ ಹಾಗೆ ತಗ್ಗು, ಅಂದರೆ ವೇವ್‌ಗೈಡ್. ಮೊದಲ ಸಂಜೆ ಕೂತು ಕೇಳಿದ ಐವರದೂ ಒಂದೇ ಮಾತು: ದೊಡ್ಡದೇ ಇರಲಿ. ನಾನೂ ಹಾಗೇ ಅಂದಿದ್ದೆ. ಹತ್ತು ದಿನ ಕಳೆಯುವಷ್ಟರಲ್ಲಿ ನನ್ನ ತೀರ್ಮಾನ ತಲೆಕೆಳಗಾಯಿತು. ಸ್ಪೀಕರ್, ಅದನ್ನು ನುಡಿಸುವ ಆಂಪ್ಲಿಫೈಯರ್ (ಆಂಪ್), ಹಾಡು ಎಲ್ಲ ಅವೇ. ಹೋಲಿಸುವ ಕ್ರಮ ಮಾತ್ರ ಬದಲಾಯಿಸಿದ್ದೆ. ಅದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು, ಯಾಕೆಂದರೆ ನಾಲ್ಕು ವರ್ಷದ ಹಿಂದೆ ಇದು ಗೊತ್ತಿಲ್ಲದೆ ತಪ್ಪು ಜೋಡಿ ಕೊಂಡು, ಇಷ್ಟು ದಿನ ಅದರ ಗುಂಯ್‌ಗುಡುವ ಬೇಸ್ ಸಹಿಸಿಕೊಂಡಿದ್ದೆ.

ಆಗ ನಡೆದದ್ದು ಇಷ್ಟು. ಅಂಗಡಿಯಲ್ಲಿ ದೊಡ್ಡ ಹಾಲ್, ಸಾಲಾಗಿ ಸ್ಪೀಕರ್‌ಗಳು. ಅವರು ಒಂದು ಬಟನ್ ಒತ್ತಿದರೆ ಒಂದು ಜೋಡಿ, ಇನ್ನೊಂದು ಒತ್ತಿದರೆ ಇನ್ನೊಂದು. ಎರಡನೆಯದು ಬಂದ ಕೂಡಲೇ ಹಾಡಿಗೆ ಜೀವ ಬಂದ ಹಾಗಾಯಿತು. ಅದನ್ನೇ ಕೊಂಡೆ. ಆ ಜೀವ ಎಲ್ಲಿಂದ ಬಂತು ಅನ್ನೋದು ಈಗ ತಿಳಿಯುತ್ತಿದೆ: ಅದು ಮೂರ್ನಾಲ್ಕು ಡೆಸಿಬಲ್ (ಶಬ್ದದ ಜೋರನ್ನು ಅಳೆಯುವ ಲೆಕ್ಕ) ಜೋರಾಗಿತ್ತು, ಅಷ್ಟೇ. ನಮ್ಮ ಕಿವಿಗೆ ಸ್ವಲ್ಪವೇ ಜೋರಾದ ಶಬ್ದ 'ಜೋರು' ಅಂತ ತಿಳಿಯುವುದಿಲ್ಲ. 'ಸ್ಪಷ್ಟ', 'ತುಂಬಿದ ದನಿ', 'ಬೇಸ್ ಚೆನ್ನಾಗಿದೆ' ಅಂತ ತಿಳಿಯುತ್ತದೆ. ಇದಕ್ಕೆ ಕಾರಣವೂ ಇದೆ. ಮೆಲ್ಲಗಿನ ಶಬ್ದದಲ್ಲಿ ನಮ್ಮ ಕಿವಿ ಬೇಸ್ ವಿಷಯದಲ್ಲಿ ಮಂದ. ಶಬ್ದ ಏರಿದ ಹಾಗೆ ಬೇಸ್ ತಾನಾಗಿ ಮೇಲೆ ಬರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಹಾಗಾಗಿ ಈ ಸಲ ಮಾಡಿದ ಮೊದಲ ಕೆಲಸ ಪಿಂಕ್ ನಾಯ್ಸ್ ಹಾಕಿದ್ದು. ದಪ್ಪ ಮಳೆ ಸುರಿದ ಹಾಗೆ ಕೇಳುವ ಶಬ್ದ ಅದು. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ತೆರೆದು, ನಾನು ಕೂರುವ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಫೋನ್ ಇಟ್ಟೆ. ಒಂದೇ ವಾಲ್ಯೂಮಿಗೆ ದೊಡ್ಡದು 72, ಸಣ್ಣದು 68. ಫೋನಿನ ಲೆಕ್ಕ ನಿಖರವಾಗಿರಬೇಕಿಲ್ಲ. ಎರಡರ ನಡುವಿನ ಅಂತರ ಸಿಕ್ಕರೆ ಸಾಕು. ನಾಲ್ಕು ಡೆಸಿಬಲ್ ಅಂದರೆ ಎರಡೂವರೆ ಪಟ್ಟು ವ್ಯಾಟ್‌ನ ವ್ಯತ್ಯಾಸ. ಮೊದಲ ಸಂಜೆ ಐವರೂ ದೊಡ್ಡದನ್ನು ಮೆಚ್ಚಿದ್ದರಲ್ಲಿ ಇದರ ಪಾಲು ಎಷ್ಟಿತ್ತೋ! ಅಂದಿನಿಂದ ಸಣ್ಣದನ್ನು ಹಾಕುವಾಗಲೆಲ್ಲ ಆಂಪ್ ನಾಲ್ಕು ಡೆಸಿಬಲ್ ಮೇಲೆ. ಒಂದು ಎಚ್ಚರಿಕೆ: ಸಾಧ್ಯವಾದರೆ 500ರಿಂದ 2000 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ; ಕಡಿಮೆಯಾದಷ್ಟೂ ಬೇಸ್) ನಡುವಿನ ಪಿಂಕ್ ನಾಯ್ಸ್ ಬಳಸಿ. ಇಲ್ಲದಿದ್ದರೆ ಕೋಣೆಯಲ್ಲಿ ಉಬ್ಬುವ ಬೇಸ್ ಲೆಕ್ಕ ಕೆಡಿಸುತ್ತದೆ.

ಸ್ಪೆಕ್ ಶೀಟ್‌ನಲ್ಲಿ ಸೆನ್ಸಿಟಿವಿಟಿ ಅಂತ ಇರುವುದು ಇದೇ ವಿಷಯ. 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ. ಸ್ಪೀಕರ್ ಕರೆಂಟಿಗೆ ಒಡ್ಡುವ ಅಡ್ಡಿಯನ್ನು, ಅಂದರೆ ಇಂಪೀಡೆನ್ಸನ್ನು, ಓಮ್ಸ್‌ನಲ್ಲಿ ಹೇಳುತ್ತಾರೆ. 8 ಓಮ್ಸ್ ಸ್ಪೀಕರ್‌ಗೆ ಅದು ಸರಿಯಾಗಿ 1 ವ್ಯಾಟ್. 4 ಓಮ್ಸ್ ಸ್ಪೀಕರ್‌ಗೆ ಅದೇ 2.83 ವೋಲ್ಟ್ 2 ವ್ಯಾಟ್ ಆಗುತ್ತದೆ, ಅಂದರೆ ಶೀಟ್‌ನಲ್ಲಿ ಮೂರು ಡೆಸಿಬಲ್ ಪುಕ್ಕಟೆ. 90 ಅಂತ ಬರೆದ 4 ಓಮ್ಸ್ ಸ್ಪೀಕರನ್ನು 87 ಅಂತ ಬರೆದ 8 ಓಮ್ಸ್ ಸ್ಪೀಕರ್ ಪಕ್ಕ ಇಟ್ಟು ಯಾವುದು ಕಡಿಮೆ ಪವರ್ ಕೇಳುತ್ತೆ ಅಂತ ಹೋಲಿಸುವವರು ಇದನ್ನು ನೆನಪಿಟ್ಟುಕೊಳ್ಳಿ. 8 ಓಮ್ಸ್ ಅಂತ ಬರೆದಿದ್ದರೂ ಕೆಲವು ಟವರ್‌ಗಳು ಬೇಸ್ ಭಾಗದಲ್ಲಿ 3 ಓಮ್ಸ್ ಹತ್ತಿರಕ್ಕೆ ಇಳಿಯುತ್ತವೆ. ಕನಿಷ್ಠ ಇಂಪೀಡೆನ್ಸ್ ಎಷ್ಟು ಅಂತ ನೋಡಿ, ನಿಮ್ಮ ಆಂಪ್ ಅದನ್ನು ತಾಳಿಕೊಳ್ಳುತ್ತದಾ ಅಂತಲೂ ನೋಡಿ.

ಮುಂದಿನ ತೊಡಕು ಜಾಗ. ಒಂದು ಜೋಡಿ ಒಳಗೆ, ಇನ್ನೊಂದು ಅದರ ಹೊರಗೆ ನಿಲ್ಲಿಸಿ ಹೋಲಿಸಿದರೆ ನೀವು ಕೇಳುವುದು ಗೋಡೆಗಳ ವ್ಯತ್ಯಾಸ. ಸ್ಪೀಕರ್‌ನಿಂದ ಹಿಂದಕ್ಕೆ ಹೋದ ಬೇಸ್ ಗೋಡೆಗೆ ಬಡಿದು ತಿರುಗಿ ಬರುವಾಗ, ಗೋಡೆಯ ದೂರಕ್ಕೆ ತಕ್ಕಂತೆ ಯಾವುದೋ ಒಂದು ಸ್ವರದಲ್ಲಿ ಮುಂದಿನ ಶಬ್ದವನ್ನೇ ಹೊಡೆದು ಹಾಕುತ್ತದೆ. ವೂಫರ್ ಗೋಡೆಯಿಂದ ಅರ್ಧ ಮೀಟರ್ ದೂರವಿದ್ದರೆ ಸುಮಾರು 170 ಹರ್ಟ್ಜ್‌ನಲ್ಲಿ ಹಳ್ಳ, ಒಂದು ಮೀಟರ್ ಇದ್ದರೆ ಸುಮಾರು 86ರಲ್ಲಿ. ಅದಕ್ಕೇ ನೆಲದ ಮೇಲೆ ಟೇಪ್ ಅಂಟಿಸಿ ಒಂದೇ ಜಾಗ ಗುರುತು ಮಾಡಿದೆ. ನಾಲ್ಕನ್ನೂ ಹಳೇ ಕಂಬಳಿಗಳ ಮೇಲೆ ನಿಲ್ಲಿಸಿದೆವು, ಎಳೆದರೆ ಸರಾಗವಾಗಿ ಜಾರುತ್ತಿತ್ತು. ತಮ್ಮ ಒಂದನ್ನು ಎಳೆದು ಇನ್ನೊಂದನ್ನು ಗುರುತಿಗೆ ತಂದು ನಿಲ್ಲಿಸಲು ಒಂದು ನಿಮಿಷ ಸಾಕಾಗುತ್ತಿತ್ತು.

ಕೇಳಿದ್ದು ಜೋಡಿಯಾಗಿ, ಅಂದರೆ ಸ್ಟೀರಿಯೋದಲ್ಲಿ ಅಲ್ಲ; ಒಂದೊಂದೇ ಸ್ಪೀಕರ್, ಮೋನೋದಲ್ಲಿ. ಇದು ನನ್ನ ಬುದ್ಧಿ ಅಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ವರ್ಷಗಟ್ಟಲೆ ಸ್ಪೀಕರ್ ಪರೀಕ್ಷೆ ನಡೆಸಿದ ಫ್ಲಾಯ್ಡ್ ಟೂಲ್ ಕಂಡುಕೊಂಡದ್ದು: ಸ್ಟೀರಿಯೋದಲ್ಲಿ ಮುಚ್ಚಿಹೋಗುವ ದೋಷಗಳು ಮೋನೋದಲ್ಲಿ ಕಿವಿಗೆ ಬೀಳುತ್ತವೆ. ಅವರೂ ಇನ್ನೊಬ್ಬ ಸಂಶೋಧಕ ಶಾನ್ ಆಲಿವ್ ಕೂಡ 1994ರಲ್ಲಿ ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅವೇ ಸ್ಪೀಕರ್‌ಗಳನ್ನು ಕಣ್ಣಿಗೆ ಕಾಣುವಂತೆ ಇಟ್ಟು ಒಮ್ಮೆ, ಪರದೆಯ ಹಿಂದೆ ಇಟ್ಟು ಒಮ್ಮೆ ಕೇಳಿಸಿದಾಗ ಜನ ಕೊಟ್ಟ ಅಂಕಗಳೇ ಬದಲಾದವು. ನಾನು ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ಒಂದು ತೆಳು ಹತ್ತಿ ಬಟ್ಟೆ ಇಳಿಬಿಟ್ಟೆ.

ಏನು ಕೇಳಬೇಕು? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ನಿಮಗೆ ಗುರುತಿರುವ ಮನುಷ್ಯರ ದನಿ ಕೇಳಿ. ಸ್ಟುಡಿಯೋದಲ್ಲಿ ಮಾಡಿದ ಹಾಡಿನಲ್ಲಿ ಗಾಯಕರ ನಿಜವಾದ ಗಂಟಲು ಹೇಗಿತ್ತು ಅಂತ ನಮಗೆ ಗೊತ್ತಿಲ್ಲ. ನನ್ನ ಹತ್ತಿರ ಚಿಕ್ಕಮ್ಮ ಹಾಡಿದ್ದು ಒಂದಿದೆ. ಶ್ರುತಿಗೆ ತಂಬೂರಿ ಬಿಟ್ಟರೆ ಬೇರೇನೂ ಇಲ್ಲ. ಆರು ವರ್ಷದ ಹಿಂದೆ ಎದುರಿಗೆ ಕೂತು ನಾನೇ ರೆಕಾರ್ಡ್ ಮಾಡಿದ್ದು. ಚಿಕ್ಕಂದಿನಿಂದ ಕೇಳಿದ ದನಿ; ಅವರು ಉಸಿರು ತೆಗೆದುಕೊಳ್ಳುವ ಜಾಗವೂ ನನಗೆ ಗೊತ್ತು.

ದೊಡ್ಡ ಸ್ಪೀಕರ್‌ನಲ್ಲಿ ಚಿಕ್ಕಮ್ಮ ಬಾಯಿಯ ಮುಂದೆ ಅಂಗೈ ಅಡ್ಡ ಹಿಡಿದು ಹಾಡಿದ ಹಾಗಿತ್ತು. 'ಸ', 'ಶ' ಬಂದಾಗಲೆಲ್ಲ ಆ ಅಕ್ಷರ ಮಾತ್ರ ದನಿಯಿಂದ ಬಿಡಿಸಿಕೊಂಡು ಎದುರಿಗೆ ಚಿಮ್ಮುತ್ತಿತ್ತು. ಸಣ್ಣದರಲ್ಲಿ ಅಕ್ಷರವೂ ದನಿಯೂ ಒಂದೇ ಬಾಯಿಂದ ಬರುತ್ತಿದ್ದವು. ತಂಬೂರಿಯ ತಂತಿ ಮೀಟಿದ ಮೇಲೆ ಜವಾರಿಯಿಂದ (ತಂತಿ ಕೂರುವ ಕುದುರೆಯಿಂದ) ಏಳುವ ಝೇಂಕಾರ ನಿಧಾನವಾಗಿ ಅರಳುತ್ತಿತ್ತು. ದೊಡ್ಡದರಲ್ಲಿ ಅದು ಬರೀ ಲೋಹದ ಸದ್ದು. ಒಟ್ಟು ಹನ್ನೆರಡು ಸುತ್ತು ಆಡಿದೆವು. ತಮ್ಮ "ಅಣ್ಣಾ, ಈಗ ಹೇಳು" ಅನ್ನುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಬರೆದಿಟ್ಟ ಪಟ್ಟಿ ತೆರೆದು ನೋಡಿದರೆ ಒಂಬತ್ತು ಸಲ ನಾನು ಒಪ್ಪಿದ್ದು ಸಣ್ಣದನ್ನು.

ಇದರ ಹಿಂದಿನ ಕಾರಣ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಟ್ವೀಟರ್‌ಗೆ ಜೊತೆಯಾಗುವ ಕೋನ್ (ದೊಡ್ಡದರಲ್ಲಿ ಮಿಡ್‌ರೇಂಜ್, ಸಣ್ಣದರಲ್ಲಿ ವೂಫರ್) ಅಗಲವಾದಷ್ಟೂ ಮೇಲಿನ ಸ್ವರಗಳನ್ನು ಅದು ಟಾರ್ಚಿನ ಹಾಗೆ ನೇರ ಮುಂದಕ್ಕೆ ಮಾತ್ರ ಎಸೆಯುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಒಂದು ಇಂಚಿನ ಟ್ವೀಟರ್ ತನ್ನ ಪಾಲಿನ ಕೆಳಗಿನ ಸ್ವರಗಳನ್ನು ಎಲ್ಲ ಕಡೆಗೂ ಹರಡುತ್ತದೆ. ಶಬ್ದ ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ, ಅಂದರೆ ಕ್ರಾಸೋವರ್‌ನಲ್ಲಿ, ನೇರ ಎದುರಿಗೆ ಕೂತರೆ ಎಲ್ಲ ಸಮವಾಗಿದ್ದರೂ, ಪಕ್ಕಕ್ಕೆ ಹೋಗುವ ಶಬ್ದದಲ್ಲಿ ಮೊದಲು ತಗ್ಗು, ಆಮೇಲೆ ಉಬ್ಬು. ಪಕ್ಕಕ್ಕೆ ಹೋದ ಶಬ್ದ ಗೋಡೆಗೆ ಬಡಿದು ನಮ್ಮ ಕಿವಿಗೇ ಬರುತ್ತದೆ. ಆ ಉಬ್ಬು 3000 ಹರ್ಟ್ಜ್ ಆಚೀಚೆ ಬಂದರೆ, ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಟ್ವೀಟರ್ ಸುತ್ತ ತಗ್ಗು ಮಾಡುವುದು ಈ ಹರಡುವಿಕೆಯನ್ನು ಆ ಕೋನ್ ಜೊತೆ ಹೊಂದಿಸಲಿಕ್ಕೆ. ಟ್ವೀಟರನ್ನೇ ವೂಫರ್‌ನ ನಡುವೆ ಕೂರಿಸುವುದು ಇನ್ನೊಂದು ದಾರಿ. ಸ್ಪೀಕರ್ ಕಂಪನಿಗಳಾದ ಟ್ಯಾನಾಯ್ 1947ರಿಂದ, ಕೆಇಎಫ್ 1988ರಿಂದ ಅದನ್ನು ಮಾಡುತ್ತಾ ಬಂದಿವೆ.

ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಮಾತಿನ ರೆಕಾರ್ಡಿಂಗ್ ಹಾಕಿ ಕುರ್ಚಿಯಿಂದ ಎದ್ದು ಕಿವಿ ಅದೇ ಎತ್ತರದಲ್ಲಿರುವಂತೆ ಬಗ್ಗಿ ಪಕ್ಕಕ್ಕೆ ನಡೆಯಿರಿ. ಒಳ್ಳೆಯ ಸ್ಪೀಕರ್ ಆದರೆ ದನಿ ಸ್ವಲ್ಪ ಮಂಕಾಗುತ್ತದೆ, ಆದರೆ ಆ ಮನುಷ್ಯ ಬೇರೆ ಆಗುವುದಿಲ್ಲ. ನಿಂತುಕೊಂಡು ಮಾತ್ರ ತೀರ್ಮಾನಿಸಬೇಡಿ. ಹೆಚ್ಚಿನ ಟವರ್‌ಗಳನ್ನು ಟ್ವೀಟರ್ ಮಟ್ಟಕ್ಕೆ ಕಿವಿ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ, ಎದ್ದು ನಿಂತರೆ ಕ್ರಾಸೋವರ್ ಹತ್ತಿರ ಹಳ್ಳ ಬೀಳುತ್ತದೆ. ಅಳತೆ ಓದಲು ಬರುವವರಿಗೆ ಸ್ಪಿನೋರಾಮಾ ಗ್ರಾಫ್ ಸಿಕ್ಕರೆ ತುಂಬ ಉಪಯೋಗ. ಸ್ಪೀಕರ್ ಸುತ್ತ ಅಡ್ಡಕ್ಕೂ ಉದ್ದಕ್ಕೂ ಹತ್ತು ಹತ್ತು ಡಿಗ್ರಿಗೆ ಒಂದರಂತೆ 70 ಅಳತೆ ತೆಗೆದು ಮಾಡುವ ಚಿತ್ರ ಅದು.

ಬೇಸ್ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಟವರ್ ಕೊಳ್ಳುವವರು ಅದನ್ನೇ ಮೊದಲು ನೋಡುತ್ತಾರೆ. ಟವರ್‌ಗೆ ಬೇಸ್‌ನಲ್ಲಿ ನಿಜವಾದ ಅನುಕೂಲ ಇದೆ, ಅಲ್ಲ ಅನ್ನುವುದಿಲ್ಲ. ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಚಿಕ್ಕ ಡಬ್ಬ: ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ, ಹಾಫ್‌ಮನ್ ನಿಯಮ ಅಂತ ಕರೆಯುವುದು ಇದನ್ನೇ. ಟವರ್ ಡಬ್ಬ ದೊಡ್ಡದು ಮಾಡಿ ಮಿಕ್ಕೆರಡನ್ನು ತೆಗೆದುಕೊಳ್ಳುತ್ತದೆ. ಆದರೆ ಸುಮಾರು 200 ಹರ್ಟ್ಜ್ ಕೆಳಗೆ ಆಳುವುದು ನಿಮ್ಮ ಕೋಣೆ. ನಮ್ಮ ಹಾಲ್ 5 ಮೀಟರ್ ಉದ್ದ, 3.5 ಅಗಲ, 3 ಎತ್ತರ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಪ್ರತಿ ಅಳತೆಯ ಎರಡರಷ್ಟರಿಂದ ಭಾಗಿಸಿದರೆ 34, 49, 57 ಹರ್ಟ್ಜ್. ಈ ಜಾಗಗಳಲ್ಲಿ ಕೋಣೆ ತಾನೇ ಹಾಡುತ್ತದೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಅಲ್ಲಿಂದ ಮೂರು ಅರ್ಧಸ್ವರ ಮೇಲೇರಿದರೆ 49. ಆ ಒಂದು ಸ್ವರ ಬಂದಾಗ ನನ್ನ ಹಳೇ ಜೋಡಿ ಇಡೀ ಹಾಲನ್ನು ಗುಂಯ್‌ಗುಡಿಸುತ್ತಿತ್ತು, ಅಕ್ಕಪಕ್ಕದ ಸ್ವರಗಳು ಸುಮ್ಮನಿರುತ್ತಿದ್ದವು. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಅದು ಕೇಳಿಸುವ ಪ್ರಶ್ನೆಯೇ ಇರಲಿಲ್ಲ.

ಹಾಗಾಗಿ ಅಂಗಡಿಯ ಬೇಸ್ ನೋಡಿ ಟವರ್ ಆರಿಸಬೇಡಿ. ಬೇಸ್‌ಗೆ ಮನೆಯಲ್ಲಿ ಮದ್ದಿದೆ. ಕುರ್ಚಿ ಒಂದು ಅಡಿ ಮುಂದೆ ತನ್ನಿ, ಸ್ಪೀಕರ್ ಗೋಡೆಯಿಂದ ಸರಿಸಿ, ಡಬ್ಬದ ಹಿಂದಿರುವ ತೂತಿಗೆ (ಪೋರ್ಟ್) ಸ್ಪಂಜ್ ತುರುಕಿ ನೋಡಿ, ಆಂಪ್‌ನಲ್ಲಿ ಈಕ್ವಲೈಸರ್ ಇದ್ದರೆ ಆ ಒಂದು ಸ್ವರವನ್ನು ತಗ್ಗಿಸಿ. ಪಕ್ಕಕ್ಕೆ ಹರಡುವ ಶಬ್ದ ಕೆಟ್ಟಿದ್ದರೆ ಅದಕ್ಕೆ ಈಕ್ವಲೈಸರ್‌ನಲ್ಲಿ ಮದ್ದಿಲ್ಲ. ನೇರ ಶಬ್ದ ಸರಿ ಮಾಡಲು ಹೋದರೆ ಪಕ್ಕದ್ದು ಕೆಡುತ್ತದೆ, ಪಕ್ಕದ್ದು ಸರಿ ಮಾಡಿದರೆ ನೇರದ್ದು. ಇದೊಂದು ಕಾರಣಕ್ಕೇ ನನ್ನ ಲೆಕ್ಕದಲ್ಲಿ ಮನುಷ್ಯರ ದನಿ ಮೊದಲು, ಬೇಸ್ ಆಮೇಲೆ. ಶೀಟ್‌ನಲ್ಲಿ ಬರೀ '35 ಹರ್ಟ್ಜ್‌ವರೆಗೆ' ಅಂತ ಬರೆದಿದ್ದರೆ ನಂಬಬೇಡಿ. ಎಷ್ಟು ಡೆಸಿಬಲ್ ಇಳಿದ ಮೇಲೆ 35 ಅಂತ ಕೇಳಿ. ಮೂರು ಇಳಿದಾಗಲೋ ಹತ್ತು ಇಳಿದಾಗಲೋ ಅನ್ನುವುದರಲ್ಲಿ ಭೂಮಿ ಆಕಾಶದ ಅಂತರವಿದೆ.

ಸಣ್ಣ ಜೋಡಿ ಉಳಿಸಿಕೊಂಡೆ. ದೊಡ್ಡದನ್ನು ಗೆಳೆಯನ ಮನೆಗೆ ಕಳಿಸುವ ಹಿಂದಿನ ರಾತ್ರಿ ಅದರಲ್ಲಿ ಮೃದಂಗದ ತನಿ ಆವರ್ತನ ಒಂದನ್ನು ಪೂರ್ತಿ ಕೇಳಿದೆ. ಎಡಗೈ ತೊಪ್ಪಿಯ ಮೇಲೆ ಬಿದ್ದಾಗ ಎದೆಗೆ ತಾಗುವ ಆ ಗುಂಕಿ, ಜೋರಾಗಿ ಇಟ್ಟಾಗಲೂ ಆಯಾಸವೇ ಇಲ್ಲದ ಆ ಸರಾಗ, ಎರಡು 8 ಇಂಚಿನ ವೂಫರ್‌ಗಳು ಕೊಡುವಂಥದ್ದು. ಈಗಿನ ಜೋಡಿ ಅಷ್ಟು ಜೋರಿನಲ್ಲಿ ಸ್ವಲ್ಪ ಬಿಗಿಯುತ್ತದೆ. ಆ ಸುಖ ನನಗೆ ಬೇಕು ಅನ್ನಿಸುವ ಸಂಜೆಗಳಿವೆ. ನೆಲದ ಮೇಲಿನ ಟೇಪ್ ಇನ್ನೂ ತೆಗೆದಿಲ್ಲ.