ಎರಡೂವರೆಯ ಶುಭೋದಯ

ಶಿರಸಿಯಲ್ಲಿ ಮಧ್ಯಾಹ್ನ ಎರಡೂವರೆಗೆ ಯಾರನ್ನೂ ಎಬ್ಬಿಸಬಾರದು. ಊಟ ಮುಗಿದು, ಕವಳ ಹಾಕಿ, ಜಗಲಿಯಲ್ಲಿ ಒರಗುವ ಹೊತ್ತದು. ಸರಿಯಾಗಿ ಆಗಲೇ ನಮ್ಮ ಭಾವನ ಅಪ್ಪೆಮಿಡಿ ಉಪ್ಪಿನಕಾಯಿ ಗಿರಾಕಿಗಳ ಫೋನುಗಳೆಲ್ಲ ಟಿಣ್ ಎಂದವು. 'ಶುಭೋದಯ! ಈ ವರ್ಷದ ಮಿಡಿ ತಯಾರಾಗಿದೆ.'

ಗಿರಾಕಿಗಳಿಗೆ ಹೇಳಿದ ಹೊತ್ತಿಗೆ ತಾನಾಗಿಯೇ ಸಂದೇಶ ಕಳಿಸುವ ಮಾರ್ಕೆಟಿಂಗ್ ಆಟೊಮೇಷನ್ ಸಾಫ್ಟ್‌ವೇರಿಗೆ ಬೈದು ಪ್ರಯೋಜನವಿಲ್ಲ. ಭಾವ ಬೆಳಿಗ್ಗೆ ಒಂಬತ್ತು ಅಂದಿದ್ದ, ಅದು ಒಂಬತ್ತಕ್ಕೇ ಕಳಿಸಿತ್ತು. ಅದರ ಗಡಿಯಾರ ಮಾತ್ರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ್ದು, ನಮಗಿಂತ 5 ಗಂಟೆ 30 ನಿಮಿಷ ಹಿಂದೆ. ಸೆಟ್ಟಿಂಗಿನಲ್ಲಿ 'ಏಷ್ಯಾ/ಕೋಲ್ಕತಾ' ಅಂತ ಆರಿಸಿಕೊಟ್ಟೆ, ಭಾರತದ ಸಮಯಕ್ಕೆ ಅಲ್ಲಿರುವ ಹೆಸರೇ ಅದು. ಭಾವನಿಗೆ ಅದೂ ಸಮಾಧಾನವಿಲ್ಲ. "ಶಿರಸಿಯಲ್ಲಿ ಕೂತು ಕೋಲ್ಕತಾದ ಗಂಟೆ ಎಂತಕ್ಕೆ ಮಾರಾಯ?"

ಆಮೇಲೆ ಹೆಸರಿನ ಫಜೀತಿ. ನಮ್ಮ ಕಡೆಯವರು ಫಾರ್ಮಿನಲ್ಲಿ ಬರೆಯುವುದೇ ಜಿ. ಎಸ್. ಹೆಗಡೆ ಅಂತ. ಸಾಫ್ಟ್‌ವೇರ್ ಮೊದಲ ತುಂಡನ್ನು ಎತ್ತಿಕೊಂಡು 'ಪ್ರೀತಿಯ ಜಿ.' ಅಂದುಬಿಡುತ್ತದೆ. ನಡುವೆ ನಾಲ್ಕು ಸಾಲು ಕೋಡ್ ತೂರಿಸಿದೆ: ಮೊದಲ ತುಂಡು ಬರೀ ಇನಿಶಿಯಲ್ ಆಗಿದ್ದರೆ ಕೊನೆಯ ತುಂಡು ತಗೋ. ಈಗ ಅರ್ಧ ತಾಲೂಕಿಗೆ 'ಪ್ರೀತಿಯ ಹೆಗಡೆಯವರೇ' ಅಂತ ಹೋಗುತ್ತದೆ. ಮನೆಯಲ್ಲಿ ಯಾವ ಹೆಗಡೆ ಫೋನ್ ಎತ್ತಿದರೂ ತನಗೇ ಬಂದದ್ದು ಅಂತ ಖುಷಿ.

ಹಬ್ಬದ ಶುಭಾಶಯಕ್ಕೆ ದಿನ, ವಾರ, ತಿಂಗಳು, ವರ್ಷ ಎಂಬ ಆಯ್ಕೆಗಳಿದ್ದವು. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೂ ಕೋಡೇ ಬರೆಯಬೇಕಾಯಿತು ಅನ್ನಿ.

ನಿಜವಾದ ರಾಮಾಯಣ ಶುರುವಾದದ್ದು ಮಳೆಗಾಲದಲ್ಲಿ. ಯಾರಾದರೂ ಆರ್ಡರ್ ಕೊಟ್ಟರೆ ಸಾಫ್ಟ್‌ವೇರು ವೆಬ್‌ಹುಕ್ ಮೂಲಕ ನಮ್ಮ ಕೋಡಿಗೆ ಸುದ್ದಿ ಮುಟ್ಟಿಸುತ್ತದೆ. ಕೋಡು ಪ್ಯಾಕಿಂಗ್ ಚೀಟಿ ಪ್ರಿಂಟ್ ಮಾಡಿ, 'ಮುಟ್ಟಿತು' ಅನ್ನಲು 200 ಎಂಬ ಉತ್ತರ ಕಳಿಸಬೇಕು. ಬಾಡಿಗೆ ಸರ್ವರ್ ದುಬಾರಿ ಅಂತ ಭಾವ ಇದನ್ನೆಲ್ಲ ಮೆತ್ತಿಯ ಮೇಲಿನ ಹಳೇ ಕಂಪ್ಯೂಟರಿನಲ್ಲೇ ಇಡಿಸಿದ್ದ. ಮಳೆಗೆ ನೆಟ್‌ವರ್ಕ್ ಮಲಗಿತು. ಚೀಟಿ ಬಂತು, 200 ಹೋಗಲಿಲ್ಲ. ಆ ಕಡೆಯ ಸಾಫ್ಟ್‌ವೇರು ಮದುವೆಮನೆಯಲ್ಲಿ ಬಡಿಸುವವರ ಹಾಗೆ: ನೀವು ಎಲೆಗೆ ಕೈ ಅಡ್ಡ ಹಿಡಿಯುವ ತನಕ ಸೌಟು ನಿಲ್ಲುವುದಿಲ್ಲ. ಅದೇ ಆರ್ಡರನ್ನು ಮತ್ತೆ ಮತ್ತೆ ಕಳಿಸಿತು. ಪ್ರತಿ ಸಲವೂ ಒಂದು ಚೀಟಿ. ಚೀಟಿಗೊಂದು ಬಾಟ್ಲಿ ಅಂತ ಅತ್ತೆ ಶ್ರದ್ಧೆಯಿಂದ ಕಟ್ಟಿದರು.

ಈಗ ಕೋಡು ಮೊದಲು 200 ಹೇಳಿ, ಆಮೇಲೆ ಕೆಲಸ ಮಾಡುತ್ತದೆ. ಆರ್ಡರ್ ನಂಬರ್ ಬರೆದಿಟ್ಟುಕೊಂಡು, ಅದೇ ನಂಬರ್ ಮತ್ತೆ ಬಂದರೆ ಸುಮ್ನೆ ಬಿಟ್ಟುಬಿಡುತ್ತದೆ. ಆದರೆ ಅಷ್ಟರಲ್ಲಿ ಪಾರ್ಸೆಲ್ ಘಟ್ಟ ಇಳಿದಾಗಿತ್ತು.

ಕಾರವಾರದ ಅಕ್ಕೋರೊಬ್ಬರು ಫೋನ್ ಮಾಡಿದರು. "ಹೇಳಿದ್ದು ಒಂದು ಬಾಟ್ಲಿ, ಬಂದದ್ದು ನಾಲ್ಕು. ಮೂರನ್ನು ಅಕ್ಕಪಕ್ಕದವರಿಗೆ ಕೊಟ್ಟೆ. ದುಡ್ಡು ಒಂದರದ್ದೇ ಅಲ್ವಾ?"

"ಹೌದು" ಅಂತ ಭಾವ ಹಲ್ಲು ಕಚ್ಚಿ ಹೇಳಿದ. ಲೆಕ್ಕದ ಪುಸ್ತಕ ತೆಗೆದು, ಉಳಿದ ಮೂರನ್ನು ಜಾಹೀರಾತು ಖರ್ಚಿಗೆ ಬರೆದ.