ನಮ್ಮಲ್ಲಿ ಅಂಥದ್ದೇನೂ ಇಲ್ಲ

ಕಳೆದ ವಾರ ನಮ್ಮ ಗಲ್ಲಿಯ ಯುಜಿಡಿ, ಅಂದರೆ ಒಳಚರಂಡಿ, ಉಕ್ಕಿತು. ಎರಡು ದಿನ ಫೋನ್ ಮಾಡಿದ ಮೇಲೆ ಒಬ್ಬ ಮೇಸ್ತ್ರಿ ಬಂದ. ಜೊತೆಗೆ ಇಬ್ಬರು ಹುಡುಗರು, ಒಂದು ಬಿದಿರಿನ ದಬ್ಬೆ, ಒಂದು ಹಗ್ಗ. ಮಷೀನ್ ಗಾಡಿ ಮುಖ್ಯರಸ್ತೆಯಲ್ಲೇ ನಿಂತಿತು. ಗಲ್ಲಿಯೊಳಗೆ ಅದು ಹಿಡಿಸುವುದಿಲ್ಲವಂತೆ. ಹುಡುಗ ಹಿಡಿಸುತ್ತಾನೆ.

ಒಬ್ಬ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. "ಮನುಷ್ಯರನ್ನ ಇಳಿಸೋ ಹಾಗಿಲ್ಲ ಅಲ್ವಾ?" ಎಂದೆ. ಮೇಸ್ತ್ರಿ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ. "ಎಲ್ಲಿ ಇಳಿದಿದ್ದಾನೆ ಸಾರ್? ತಲೆ ಮೇಲೇ ಇದೆ ನೋಡಿ." ನೋಡಿದೆ. ತಲೆ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಅದೂ ಇರಲಿಲ್ಲ.

ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಈ ಪಾಠ ಮೇಲಿನಿಂದಲೇ ಬಂದದ್ದು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು: ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ತೊಳೆಯುವಾಗ ಸತ್ತವರು ಮಾತ್ರ 941. ಗುಂಡಿ ಅದೇ, ಗ್ಯಾಸ್ ಅದೇ, ಹೆಣ ಬರೆದುಕೊಳ್ಳುವ ಕಾಲಂ ಬೇರೆ. ಮಲ ಹೊರುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲೂ ಇಂಥದ್ದೊಂದು ಅನುಕೂಲ ಇದೆ. ಸರ್ಕಾರ ಹೇಳಿದ ಸಲಕರಣೆ, ರಕ್ಷಣಾ ಉಡುಪು ಕೊಟ್ಟು ಮಾಡಿಸಿದರೆ ಅವನು ಮಲ ಹೊರುವವನೇ ಅಲ್ಲ. ಕೈಗವಸು ಹಾಕಿಸಿ, ಮುಗೀತು. ರಿಜಿಸ್ಟರಿನಲ್ಲಿ ಹಾಕಿಸಿದರೂ ನಡೆಯುತ್ತದೆ.

2023ರ ಬಜೆಟ್‌ನಲ್ಲಿ ಇನ್ನೂ ಸುಲಭದ ದಾರಿ ಸಿಕ್ಕಿತು. ಮ್ಯಾನ್‌ಹೋಲ್ ಇನ್ನು 'ಮಷೀನ್‌ಹೋಲ್' ಆಗುತ್ತದಂತೆ. ನಮ್ಮ ಗಲ್ಲಿಯ ಮುಚ್ಚಳಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.

ಹಾಗೆ ನೋಡಿದರೆ ಈ ಕೆಲಸ ಎಷ್ಟು ಸಲ ನಿಂತಿಲ್ಲ! 1970ರ ದಶಕದಲ್ಲೇ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ಮಲ ಹೊರುವುದನ್ನು ನಿಷೇಧಿಸಿದ್ದರು. (ಕನ್ನಡ ಸಾಹಿತ್ಯದಲ್ಲಿ ಬಹುಪಾಲು 'ಬೂಸಾ' ಎಂದ ಅವರ ಮಾತು ನಮಗೆ ಚೆನ್ನಾಗಿ ನೆನಪಿದೆ, ಇದು ಅಷ್ಟಾಗಿ ಇಲ್ಲ.) 1993ರಲ್ಲಿ ಒಂದು ಕಾಯ್ದೆ. 2013ರಲ್ಲಿ ಇನ್ನೊಂದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರೂ ಸೇರಿ 6 ಮಹಾನಗರಗಳಲ್ಲಿ ಮತ್ತೊಮ್ಮೆ ನಿಲ್ಲಿಸಿತು. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇಲ್ಲದ ಪದ್ಧತಿಯ ಮಲ ಎಲ್ಲಿಂದ ತಂದರೋ!

ಈ 'ಇಲ್ಲ'ದ ಜೊತೆ ಜಾಸ್ತಿ ಗುದ್ದಾಡಿದವರು ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಒಣ ಪಾಯಖಾನೆಗಳಿವೆ, ನಮ್ಮವರು ಬಕೆಟ್ಟಿನಲ್ಲಿ ಬಳಿಯುತ್ತಿದ್ದಾರೆ ಎಂದು ಅವರು ಪತ್ರ ಬರೆದರೆ, ಅಂಥವು ಇಲ್ಲವೇ ಇಲ್ಲ ಎಂದು ಉತ್ತರ. 3 ಕಿಲೋಮೀಟರ್ ಆಳಕ್ಕಿಳಿದು ಕಲ್ಲಿನೊಳಗಿನ ಚಿನ್ನದ ಎಳೆ ಕಂಡುಹಿಡಿದ ಊರು ಅದು. ನೆಲದ ಮೇಲಿನ ಪಾಯಖಾನೆ ಮಾತ್ರ ಯಾರಿಗೂ ಕಾಣಲಿಲ್ಲ. ವಿಲ್ಸನ್ ಫೋಟೊ ತೆಗೆದರು. 2003ರಲ್ಲಿ ಅವರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದೊಂದೇ ರಾಜ್ಯ ಬಂದು 'ನಮ್ಮಲ್ಲಿಲ್ಲ' ಎಂದಿತು. ಇವರು ಊರೂರು ಅಲೆದು ಪಾಯಖಾನೆ ಎಣಿಸಿದರು, ಬಳಿಯುವ ಹೆಂಗಸರ ಪಟ್ಟಿ ಮಾಡಿದರು. ಬೇರೆ ಕಡೆ ಚಳವಳಿ ಮಾಡುವವರಿಗೆ ಕಷ್ಟ ತೊಲಗಿಸುವ ಕೆಲಸ, ಇವರಿಗೆ ಮೊದಲು ಕಷ್ಟ ಇದೆ ಎಂದು ಸಾಬೀತು ಮಾಡುವ ಕೆಲಸ. ತೀರ್ಪು ಬಂದದ್ದು 2014ರಲ್ಲಿ. ಗುಂಡಿಯಲ್ಲಿ ಸತ್ತರೆ 10 ಲಕ್ಷ ಕೊಡಿ ಎಂದಿತು. 2023ರಲ್ಲಿ ಅದು 30 ಲಕ್ಷ ಆಯಿತು. ಪದ್ಧತಿ ಇಲ್ಲ, ಪರಿಹಾರದ ದರ ಮಾತ್ರ ಏರುತ್ತಿದೆ.

ಹುಡುಗ ಕೊನೆಗೂ ಮೇಲೆ ಬಂದ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಮೇಸ್ತ್ರಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದ: 'ಯಂತ್ರದಿಂದ ಸ್ವಚ್ಛಗೊಳಿಸಲಾಗಿದೆ.' ನನ್ನ ಸಹಿ ಕೇಳಿದ. ಗಲ್ಲಿಯ ಪರವಾಗಿ ಯಾರಾದರೂ ಹಾಕಬೇಕಲ್ಲ, ಹಾಕಿದೆ.

ಹುಡುಗ ಗೇಟಿನ ಹತ್ತಿರ ಬಂದು ಕೇಳಿದ, "ಅಣ್ಣಾ, ಕೈಕಾಲು ತೊಳ್ಕೋಬೇಕು. ಹೊರಗಡೆ ನಲ್ಲಿ ಇದೆಯಾ?"

"ಇಲ್ಲಪ್ಪಾ," ಎಂದೆ.

ಗೇಟಿನ ಪಕ್ಕದಲ್ಲೇ ಅದು ತೊಟ್ಟಿಕ್ಕುತ್ತಿತ್ತು.